ಮಾಶಾಬಿಯ ಅಳತೆಯ ಕೋಲು

ಬಿಜ್ಜರಗಿಯ ಮಸೀದಿ ಪಡಸಾಲೆಯಲ್ಲಿ ಗೋಡೆಗೆ ಹೊಂದಿಸಿ ಇಟ್ಟಿದ್ದ ಮಂಚವನ್ನು ನೋಡಿದ ಕೂಡಲೇ ನಾಸೀರನಿಗೆ ಆ ಊರಿನವರ ಮೇಲೆ ಪ್ರೀತಿ ಉಕ್ಕಿತು. ಮೇ ತಿಂಗಳ ನಡುಹಗಲು. ವಿಜಯಪುರದಿಂದ ಟಿಕೋಟಾದವರೆಗೆ ಬಸ್ಸಿನಲ್ಲಿ ನಿಂತು, ಅಲ್ಲಿಂದ ಟಂಟಂ ಆಟೋದಲ್ಲಿ ಅರ್ಧ ಕುಳಿತು ಅರ್ಧ ಜೋತುಬಿದ್ದು ಬಂದಿದ್ದ ಐವತ್ತೆರಡು ವರ್ಷದ, ತೊಂಬತ್ತಾರು ಕಿಲೋ ತೂಕದ ಮನುಷ್ಯ ಅವನು. ಜೊತೆಗೆ ಬಂದ ಏಳು ಮಂದಿ ಒಳಗೆ ಚಾಪೆ ಹಾಸಿಕೊಂಡು ಅಡ್ಡಾಗಿದ್ದರು. ನೆಲಕ್ಕೆ ಕುಳಿತರೆ ಏಳಲು ಇಬ್ಬರ ಕೈ ಬೇಕಾಗುವ ನಾಸೀರನಿಗೆ ಮಾತ್ರ, ದೇವರೇ ಕಳಿಸಿದಂತೆ, ಮಂಚ. ಹಲಗೆ ಗಟ್ಟಿಯಾಗಿತ್ತು, ಉದ್ದ ಸರಿಯಾಗಿತ್ತು, ಅಗಲ ತುಸು ಸಾಲದು. ನೊಣ ಕೂರದಿರಲೆಂದು ಬಿಳೀ ಚಾದರವನ್ನು ತಲೆಯಿಂದ ಕಾಲಿನವರೆಗೆ ಎಳೆದುಕೊಂಡು ನಿದ್ದೆಹೋದ.

ಸಂಜೆಮುಂದಿನ ಅಸರ್ ನಮಾಜಿಗೆ ಊರಿನವರು ಒಬ್ಬೊಬ್ಬರಾಗಿ ಬರತೊಡಗಿದರು. ಮೊದಲು ಬಂದವನು ಚಪ್ಪಲಿ ಬಿಟ್ಟಲ್ಲೇ ನಿಂತು, ಸತ್ತವರನ್ನು ಕಂಡಾಗ ಹೇಳುವ ಮಾತನ್ನು ಬಾಯೊಳಗೇ ಹೇಳಿದ. ಎರಡನೆಯವನು ಯಾರ ಪೈಕಿ ಎಂದು ಕೇಳಿದ. ಮೂರನೆಯವನು, ಪಟ್ಟಣದ ಜಮಾತಿನವರು ಈಗೀಗ ಹೆಣವನ್ನೂ ತಮ್ಮ ಜೊತೆಗೇ ತರುತ್ತಾರೇನು ಎಂದು ವಿಚಾರಿಸಿದ. ಅಷ್ಟರಲ್ಲಿ ಹೆಣ ಗೊರಕೆ ಹೊಡೆಯಿತು.

ನಾಸೀರ ಚಾದರ ಸರಿಸಿದಾಗ ಹತ್ತು ಹನ್ನೆರಡು ಮುಖಗಳು ಅವನನ್ನೇ ನೋಡುತ್ತಿದ್ದವು. ಎಲ್ಲರಿಗಿಂತ ಹತ್ತಿರದಲ್ಲಿ ಒಬ್ಬ ತೆಳ್ಳನೆಯ ಮುದುಕ, ನೆಟ್ಟಗಿನ ಜಾಲಿಯ ಕೋಲೊಂದನ್ನು ನಾಸೀರನ ಮೈಯುದ್ದಕ್ಕೆ ಇಟ್ಟು ಏನನ್ನೋ ನೋಡುತ್ತಿದ್ದ. ಕೋಲು ಹಿಮ್ಮಡಿಯಿಂದ ಶುರುವಾಗಿ ನಾಸೀರನ ಭುಜದ ಹತ್ತಿರ ಮುಗಿದಿತ್ತು.

"ಎದ್ರೇನ್ರಿ?" ಎಂದ ಮುದುಕ. "ಚಲೋ ಆತು. ನಮ್ಮೂರಾಗ ಇದರ ಮ್ಯಾಲ ಮಲಗಿದವ್ರು ಇಲ್ಲೀತನಕ ಯಾರೂ ಎದ್ದಿಲ್ರಿ."

ಆಗ ನಾಸೀರನಿಗೆ ತಿಳಿಯಿತು, ತಾನು ಮಲಗಿದ್ದು ಜನಾಜಾದ ಮೇಲೆ, ಹೆಣ ಹೊರುವ ಮಂಚದ ಮೇಲೆ. ಪಟ್ಟಣದಲ್ಲಿ ಅದು ಉಕ್ಕಿನದು, ಸುತ್ತ ಕಟಕಟೆ ಇರುತ್ತದೆ, ಬೀಗ ಹಾಕಿದ ಕೋಣೆಯಲ್ಲಿರುತ್ತದೆ. ಇದರ ಕಟಕಟೆಯನ್ನು ಆ ಮುದುಕನೇ ಬೆಳಿಗ್ಗೆ ಬಿಚ್ಚಿಟ್ಟಿದ್ದ, ಒಂದು ಬೆಣೆ ಸಡಿಲಾಗಿತ್ತಂತೆ. ಇದೆಲ್ಲವನ್ನೂ ನಾಸೀರ ಎದ್ದು ನಿಂತು ವಿವರಿಸಲು ಹೋದ. ಆದರೆ ಏಳಲು ಇಬ್ಬರು ಕೈ ಕೊಡಬೇಕಾಯಿತು, ಮತ್ತು ಆ ಇಬ್ಬರೂ ಜನಾಜಾ ಹೊರುವಾಗ ಹಿಡಿಯುವ ಹಾಗೆಯೇ ಅವನನ್ನು ಹಿಡಿದರು.

ಜಮಾತೆಂದರೆ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಮೂರು ದಿನ ಮನೆ, ಅಂಗಡಿ ಬಿಟ್ಟು ಇನ್ನೊಂದೂರಿನ ಮಸೀದಿಯಲ್ಲಿ ಉಳಿಯುವುದು. ತಮ್ಮ ಅಡುಗೆ ತಾವೇ ಮಾಡಿಕೊಳ್ಳುವುದು. ಮನೆಮನೆಗೆ ಹೋಗಿ ನಮಾಜಿಗೆ ಕರೆಯುವುದು. ಇತರರನ್ನು ತಿದ್ದುವ ನೆವದಲ್ಲಿ ತಾವು ತುಸು ತಿದ್ದಿಕೊಂಡು ಹಿಂತಿರುಗುವುದು. ಇವರ ಮುಂದಾಳು ಅಬ್ದುಲಸಮದ, ನಿವೃತ್ತ ಬಸ್ ಕಂಡಕ್ಟರ್. ಒಳ್ಳೆಯ ಮನುಷ್ಯ. ಪ್ರತಿ ನಮಾಜಿನ ಮುಂಚೆ ಮತ್ತು ಆಮೇಲೆ ತಲೆ ಎಣಿಸುತ್ತಿದ್ದ. ಎಂಟು ಸರಿಬಂದರೆ ಕೇಳಿಯೂ ಕೇಳದ ಹಾಗೆ ಬಾಯಿಯಲ್ಲೇ ಸೀಟಿ ಊದುತ್ತಿದ್ದ.

ನಾಸೀರನಿಗೆ ವಿಜಯಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವ ಅಂಗಡಿ. ಗಣಪತಿ ಇರುವ ಪತ್ರಿಕೆ, ಬಿಸ್ಮಿಲ್ಲಾ ಇರುವ ಪತ್ರಿಕೆ, ಎರಡರಲ್ಲೂ 'ತಮ್ಮ ಆಗಮನವೇ ನಮಗೆ ಸಂತೋಷ' ಎಂಬ ಸಾಲು. ಇಪ್ಪತ್ತೆಂಟು ವರ್ಷದಿಂದ ಊರಿನ ಸಂತೋಷವನ್ನೆಲ್ಲ ಅವನೇ ತಿದ್ದುತ್ತ ಬಂದಿದ್ದ. ಜೀವಮಾನದಲ್ಲಿ ಎತ್ತಿದ ಅತಿ ಭಾರದ ವಸ್ತುವೆಂದರೆ ಕಾಗದದ ರೀಮು, ಅದನ್ನೂ ಅರ್ಧ ದಾರಿಗೆ ಇಳಿಸಿ ಬೇರೆಯವರನ್ನು ಕರೆದಿದ್ದ. ಅವನ ಹೆಂಡತಿ ಶಮಾ, ಮೂರು ದಿನ ಹೋಗಿ ಬರ್ರಿ, ಮನಸ್ಸು ಮೆತ್ತಗಾಗದಿದ್ದರೆ ಹೊಟ್ಟೆಯಾದರೂ ಕರಗೀತು ಎಂದು ಕಳಿಸಿದ್ದಳು.

ಮನಸ್ಸಿನ ಮಾತು ಅವಳು ಸುಮ್ಮನೆ ಹೇಳಿದ್ದಲ್ಲ. ಕೊರೋನಾದ ಎರಡನೆಯ ಅಲೆಯಲ್ಲಿ ನಾಸೀರನ ತಂದೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಮುಖ ಕಾಣದ ನಾಲ್ಕು ಮಂದಿ ಪ್ಲಾಸ್ಟಿಕ್ ಉಡುಪಿನಲ್ಲಿ ಬಂದು ಒಯ್ದರು. ಮಗ ಬೇಕಾದರೆ ದೂರದಲ್ಲಿ ನಿಲ್ಲಬಹುದು, ಮೂರು ಹಿಡಿ ಮಣ್ಣು ಕೊಡಬಹುದು ಎಂದು ಅವರಲ್ಲೊಬ್ಬ ಹೇಳಿಯೂ ಇದ್ದ. ನಾಸೀರ ಹೋಗಲಿಲ್ಲ. ಹೆದರಿಕೆ. ರಸ್ತೆಯ ಆಚೆ ನಿಂತಿದ್ದ. ಖಬರಸ್ತಾನದ ಗೋಡೆಯ ಮೇಲೆ ಜೆಸಿಬಿಯ ಹಳದಿ ತೋಳು ಎರಡು ಸಲ ಎದ್ದು ಎರಡು ಸಲ ಇಳಿದದ್ದು ಕಂಡಿತು. ಅಷ್ಟೇ ಅವನು ಕಂಡ ಅಬ್ಬಾನ ಮಣ್ಣು. ಅಂದಿನಿಂದ ನಮಾಜು ತಪ್ಪಿಸಿರಲಿಲ್ಲ, ಆದರೆ ಹಣೆ ನೆಲಕ್ಕೆ ಇಟ್ಟಾಗಲೆಲ್ಲ ಆ ತೋಳು ಎದ್ದು ಇಳಿಯುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಮೂರು ದಿನದಲ್ಲಿ ಸರಿಯಾಗುತ್ತದೆಂಬ ಭರವಸೆಯಿಂದ, ಉಳಿದ ಲಗ್ನಪತ್ರಿಕೆಗಳ ಹಿಂಬದಿ ಹೊಲಿದು ಒಂದು ನೋಟುಪುಸ್ತಕ ಮಾಡಿಕೊಂಡು ಬಂದಿದ್ದ. ದಿನಕ್ಕೊಂದು ಪುಟ, ಇಂದು ನನ್ನಲ್ಲಿ ಆದ ಸುಧಾರಣೆ ಎಂದು ಬರೆಯಲು. ಮೊದಲ ಪುಟದಲ್ಲಿ ಏನು ಬರೆಯಬೇಕೆಂದು ಜನಾಜಾ ಬಗೆಹರಿಸಿತ್ತು.

ಕೋಲು ಹಿಡಿದ ಮುದುಕನ ಹೆಸರು ಗೈಬುಸಾಬ. ವಯಸ್ಸು ಅರವತ್ತೆಂಟೋ ಎಪ್ಪತ್ತೋ. ಹಗಲು ದ್ರಾಕ್ಷಿ ತೋಟಗಳಲ್ಲಿ ಕೂಲಿ; ಊರಿನ ಮುಸಲ್ಮಾನರಲ್ಲಿ ಯಾರಾದರೂ ಸತ್ತರೆ ಕುಣಿ ತೋಡುವುದು. ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದ. ಗೈಬುಸಾಬನ ಸಂಗತಿಯನ್ನು ಆ ದಿನ ಚಹಾ ಕುಡಿಸುತ್ತ ನಾಸೀರನಿಗೆ ಹೇಳಿದವನು ಅವನ ಪಕ್ಕದ ಮನೆಯ ಶಂಕ್ರೆಪ್ಪ, ಮೊದಲು ಬಾವಿ ತೋಡುತ್ತಿದ್ದ ರೈತ. ಕುಣಿಗೂ ಬಾವಿಗೂ ಒಂದೇ ಹಾರೆ ಸಾಲುತ್ತದೆಂದು ಇಬ್ಬರಿಗೂ ನಲವತ್ತು ವರ್ಷದ ದೋಸ್ತಿ. ಗೈಬುಸಾಬನ ಕಣ್ಣಿಗೆ ಅಳತೆ ಇದೆ, ಎಂದ ಶಂಕ್ರೆಪ್ಪ. ಎದುರಿಗೆ ಬಂದವನು ಎಷ್ಟು ಉದ್ದ, ಎಷ್ಟು ಅಗಲ ಎಂದು ಒಂದು ನೋಟದಲ್ಲೇ ಗೊತ್ತು. ಹಾಗಾಗಿ ಮುಂಜಾನೆ ಅವನು ಎದುರಾದರೆ ಜನ ಓಣಿ ಬದಲಿಸುತ್ತಾರೆ. ಅವನೂ ಇದನ್ನು ಬಲ್ಲ. ಯಾರಾದರೂ ಹಾಸಿಗೆ ಹಿಡಿದರೆ ಮಾತಾಡಿಸಲು ಹೋಗುವುದಿಲ್ಲ; ಅಳತೆಗೆ ಬಂದನೆಂದು ರೋಗಿ ಬೆವರುತ್ತಾನಲ್ಲ. ಬಹಳ ವರ್ಷ ಯಾರ ಮನೆಗೂ ಹೋಗದಿದ್ದದ್ದಕ್ಕೆ, ಈಗ ಅವನ ಹೆಂಡತಿ ಮಾಶಾಬಿ ಎರಡು ತಿಂಗಳಿಂದ ನೆಲ ಹಿಡಿದರೂ, ಬಂದು ಮಾತಾಡಿಸುವ ರೂಢಿ ಯಾರಿಗೂ ಇಲ್ಲ.

ಜಾಲಿಯ ಕೋಲು ಅವಳದೇ ಅಳತೆಯದು. ಅವಳು ನಿದ್ದೆಯಲ್ಲಿದ್ದಾಗ ಅಳೆದು ಕಡಿದದ್ದು. ಈ ಮಾತು ಕೇಳಿ ನಾಸೀರನ ಬಾಯಲ್ಲಿದ್ದ ಚಹಾ ತಣ್ಣಗಾಯಿತು.

ಅಸರ್ ಆದ ಮೇಲೆ ಜಮಾತಿನವರು ಮನೆಮನೆಗೆ ಹೊರಟರು. ಗೈಬುಸಾಬನ ಮನೆಯಲ್ಲಿ ಮಾತಾಡುವ ಪಾಳಿ ನಾಸೀರನದು. ಲೋಕ ಎಷ್ಟು ಕ್ಷಣಿಕ ಎಂಬುದರ ಮೇಲೆ ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡಿದ್ದ. ಬಾಗಿಲಲ್ಲಿ ನಿಂತು ಶುರುಮಾಡಿ, ಒಳಗೆ ಚಾಪೆಯ ಮೇಲೆ ಕೌದಿ ಹೊದ್ದು ಮಲಗಿದ್ದ ಮಾಶಾಬಿಯನ್ನು ಕಂಡು, ಎರಡನೆಯ ಮಾತಿಗೇ ನಿಲ್ಲಿಸಿಬಿಟ್ಟ. ಲೋಕ ಕ್ಷಣಿಕವೆಂದು ಆ ಮನೆಗೆ ಹೇಳಲು ಗಾಂಧಿ ಚೌಕದಿಂದ ಬರಬೇಕಾಗಿರಲಿಲ್ಲ.

"ಜನಾಜಾದ ಮ್ಯಾಲ ಮಲಗಿದ್ದ ಸಾಹೇಬ್ರು ಇವರೇನ?" ಎಂದು ಮಾಶಾಬಿ ಗಂಡನನ್ನು ಕೇಳಿದಳು. ದನಿ ಬಾವಿಯ ತಳದಿಂದ ಬಂದ ಹಾಗಿತ್ತು.

ಗೈಬುಸಾಬ ಹೌದೆಂದ.

"ಚಲೋ ಆತು ಬಿಡು. ಹಲಗಿ ಬೆಚ್ಚಗ ಮಾಡಿಟ್ಟಾರ."

ಅಬ್ದುಲಸಮದ ಗಂಟಲು ಸರಿಮಾಡಿಕೊಂಡು, ಕಾಕಾ ನೀವು ನಮಾಜಿಗೆ ಬರಬೇಕೆಂದು ಕೇಳಿಕೊಳ್ಳಲು ಬಂದೆವೆಂದ. ತನಗೆ ನಮಾಜು ತಪ್ಪಿಲ್ಲವೆಂದು ಹೇಳಿದ ಗೈಬುಸಾಬ, ಎಂಟು ಜನರನ್ನೂ ಎಡದಿಂದ ಬಲಕ್ಕೆ ನೋಡಿದ. ಎಂಟೂ ಜನರಿಗೆ ತಮ್ಮ ಉದ್ದ ಅಗಲ ನೆನಪಾಯಿತು.

"ನಿಮ್ಮ ಪೈಕಿ ಗುದ್ದಲಿ ಹಿಡದವ್ರು ಯಾರರ ಅದಾರೇನ್ರಿ?"

ಜನಾಜಾದ ಮೇಲೆ ಹೋದ ಮಾನವನ್ನು ಹೇಗಾದರೂ ವಸೂಲಿ ಮಾಡಬೇಕೆಂದು ನಾಸೀರ, ತಾನು ಹಿಡಿಯುತ್ತೇನೆ ಎಂದುಬಿಟ್ಟ. ಮುದುಕ ಅವನ ಅಂಗೈ ಹಿಡಿದು ಬೆಳಕಿಗೆ ತಿರುಗಿಸಿದ. "ಏ ಮಾಶಾಬಿ, ಇವರ ಕೈ ನೋಡಿಲ್ಲಿ. ನಿನ್ನೆ ಹುಟ್ಟಿದ ಕೂಸಿನಂಗ ಅದಾವ."

ಹಾಗೆ ಕೇಳಿದ್ದರ ಕಾರಣವನ್ನು ಗೈಬುಸಾಬ ಹೊರಗಿನ ಕಟ್ಟೆಗೆ ಬಂದು ಹೇಳಿದ. ಇವರಿಗಿದ್ದವಳು ಒಬ್ಬಳೇ ಮಗಳು, ಮುಬೀನ. ಹತ್ತೊಂಬತ್ತಕ್ಕೆ ಜ್ವರದಲ್ಲಿ ಹೋದಳು. ಅವಳ ಕುಣಿಯನ್ನು ಅಪ್ಪನೇ ತೋಡಿದ್ದ. ಕೊರೋನಾ ಕಾಲದಲ್ಲಿ ಒಂದೇ ದಿನ ಊರಿನಲ್ಲಿ ಮೂರು ಹೆಣ ಬಿದ್ದಾಗ ಜೆಸಿಬಿ ತರಿಸಿದರು. ಆಮೇಲೆ ಅದೇ ರೂಢಿಯಾಯಿತು. ಅರ್ಧ ತಾಸಿನ ಕೆಲಸ. ಜನ ತೊಳೆದ ಬಟ್ಟೆ ಹಾಕಿಕೊಂಡು ಬಂದು, ತೋಡಿಟ್ಟ ಕುಣಿಗೆ ಮೂರು ಹಿಡಿ ಮಣ್ಣು ಹಾಕಿ, ಕೈ ತೊಳೆದು ಹೋಗತೊಡಗಿದರು. ಊರಿನ ಹುಡುಗರಿಗೆ ಹಾರೆ ಹಿಡಿಯುವುದು ಮರೆತೇಹೋಯಿತು. ಒಮ್ಮೆ ಪಕ್ಕದಲ್ಲಿ ತೋಡುವಾಗ ಆ ಯಂತ್ರದ ಹಲ್ಲು ಮುಬೀನಳ ಖಬರಿನ ಕಾಲಿನ ಕಡೆಯ ಮೂಲೆಯನ್ನು ಎತ್ತಿಕೊಂಡು ಬಂತು. ಡ್ರೈವರ್ ತಿಳಿಯದೆ ಮಾಡಿದ್ದು. ಮಣ್ಣಿನಲ್ಲಿ ಬಂದದ್ದನ್ನು ಗೈಬುಸಾಬ ತನ್ನ ಟವೆಲ್ಲಿನಲ್ಲಿ ಆರಿಸಿಕೊಂಡು ಮತ್ತೆ ಒಳಗಿಟ್ಟ. ಮಾಶಾಬಿಗೆ ಹೇಳಬಾರದೆಂದುಕೊಂಡಿದ್ದ. ಆದರೆ ಟವೆಲ್ಲು ಒಗೆಯುವವಳು ಅವಳೇ.

ಅಂದು ಅವಳು ಒಂದು ಮಾತು ತೆಗೆದುಕೊಂಡಳು. ಹೆಣವನ್ನು ಉತ್ತರಕ್ಕೆ ತಲೆ ಮಾಡಿ ಮಲಗಿಸಿ, ಮುಖವನ್ನು ಪಶ್ಚಿಮಕ್ಕೆ ಹೊರಳಿಸುತ್ತಾರಲ್ಲ. ಹಾಗಾಗಿ ತನ್ನನ್ನು ಮಗಳ ಪೂರ್ವದ ಬದಿಗೇ ಇಡಬೇಕು, ಮುಖ ಅವಳ ಕಡೆ ಬರಬೇಕು. ಆ ಕಬ್ಬಿಣ ಹತ್ತಿರ ಬರಬಾರದು. ಗಂಡನೇ ಕೈಯಿಂದ ತೋಡಬೇಕು. ಪೂರ್ವದ ಬದಿಗೆ ಇದ್ದ ಜಾಗವೆಂದರೆ ಮುಬೀನಳ ಖಬರಿಗೂ ಒಂದು ಹಳೆಯ ಬೇವಿನ ಮರಕ್ಕೂ ನಡುವೆ ಐದು ಅಡಿ. ಯಂತ್ರ ಬಂದರೆ ಮಗಳನ್ನು ಮುರಿಯದೆ ತಾಯಿಯನ್ನು ಮಲಗಿಸುವಂತಿಲ್ಲ. ಗೈಬುಸಾಬ ಒಪ್ಪಿಕೊಂಡಿದ್ದ. ಈಗ ಆರು ತಿಂಗಳ ಹಿಂದೆ ಅವನ ಹೊಟ್ಟೆಯ ಆಪರೇಶನ್ ಆಗಿತ್ತು. ಕರುಳು ಇಳಿದಿತ್ತಂತೆ. ನೀರಿನ ಕೊಡ ಎತ್ತಿದರೂ ಹೊಲಿಗೆ ಬಿಚ್ಚುತ್ತದೆಂದು ಡಾಕ್ಟರು ಹೇಳಿದ್ದರು.

ಮಾಶಾಬಿ ಮರುದಿನ, ಶನಿವಾರ, ಬೆಳಗಿನ ನಮಾಜಿನ ಹೊತ್ತಿಗೆ ತೀರಿಕೊಂಡಳು. ನಾಸೀರ ನಲ್ಲಿಯ ಮುಂದೆ ವಜೂ ಮಾಡುತ್ತ ಕುಳಿತಿದ್ದ. ಗೈಬುಸಾಬ ಬಂದು ಪಕ್ಕದ ನಲ್ಲಿಯಲ್ಲಿ ಕೈಕಾಲು ತೊಳೆದ, ನಮಾಜು ಮುಗಿಸಿದ, ಆಮೇಲೆ ಹೇಳಿದ. ಅಳಲಿಲ್ಲ. ಕೋಲನ್ನು ಬಗಲಿಗೆ ಹಿಡಿದುಕೊಂಡೇ ಬಂದಿದ್ದ.

ಮಸೀದಿ ಕಮಿಟಿಯ ಸೈಫುದ್ದೀನ ಕೆಟ್ಟವನಲ್ಲ. ಬಿಸಿಲು ಹೆಣ ತಡೆಯುವುದಿಲ್ಲ, ಸತ್ತವರನ್ನು ಬೇಗ ಮಣ್ಣಿಗೆ ಕೊಡುವುದೇ ಧರ್ಮ, ಬಬಲೇಶ್ವರದ ಕಡೆ ಕೃಷಿಹೊಂಡ ತೋಡುತ್ತಿರುವ ಜೆಸಿಬಿ ಫೋನು ಮಾಡಿದರೆ ಎರಡು ತಾಸಿಗೆ ಬರುತ್ತದೆ ಎಂದ. ಅಬ್ದುಲಸಮದನಿಗೂ ಅದು ಸರಿಯೆನಿಸಿತು. ಗೈಬುಸಾಬ ನಾಸೀರನ ಕೈ ನೋಡಿದ. ಕೊನೆಗೆ ಅಸರ್ ನಮಾಜಿನವರೆಗೆ ಬಿಡುವುದೆಂದೂ, ಅಷ್ಟರೊಳಗೆ ಕುಣಿ ಮುಗಿಯದಿದ್ದರೆ ಜೆಸಿಬಿ, ಅದೂ ಬೇರೆ ಜಾಗದಲ್ಲಿ, ಮಗಳಿಂದ ದೂರ ಎಂದೂ ಆಯಿತು.

ಏಳು ಗಂಟೆಗೆ ಶುರುವಾಯಿತು. ಶಂಕ್ರೆಪ್ಪ ಹಾರೆ ಹಿಡಿದ, ನಾಸೀರ ಗುದ್ದಲಿ. ಜಮಾತಿನವರಲ್ಲಿ ಮೂವರು ಬುಟ್ಟಿಗೆ ನಿಂತರು. ಗೈಬುಸಾಬನನ್ನು ಬೇವಿನ ಬುಡದಲ್ಲಿ ಕೂರಿಸಿದರು. ಅವನು ಕೋಲನ್ನು ನೆಲಕ್ಕೆ ಇಟ್ಟು, ಎರಡು ಗೇಣು ಸೇರಿಸಿ ಗೆರೆ ಕೊರೆದುಕೊಟ್ಟ. ಮೇಲೆ ಅಗಲ, ಸೊಂಟದಾಳಕ್ಕೆ ಹೋದ ಮೇಲೆ ಒಳಗೊಂದು ಕಿರಿದಾದ ಕುಣಿ. ಆ ಕಿರಿದರಲ್ಲಿ ಮಾಶಾಬಿ, ಅದರ ಮೇಲೆ ಕಲ್ಲಿನ ಚಪ್ಪಡಿ, ಅದರ ಮೇಲೆ ಮಣ್ಣು.

ನಾಸೀರನ ಮೊದಲ ಏಟು ನೆಲಕ್ಕೆ ಬಿದ್ದು ವಾಪಸು ಬಂತು. ಮೇ ತಿಂಗಳ ಎರೆಮಣ್ಣು ಸುಟ್ಟ ಇಟ್ಟಿಗೆಯಾಗಿತ್ತು. ಎರಡನೆಯ ಏಟಿಗೆ ಗುದ್ದಲಿಯ ಹಿಡಿಕೆ ಕೈಯಲ್ಲಿ ತಿರುಗಿತು. ಹತ್ತು ಏಟಿಗೆ ಉಸಿರು, ಇಪ್ಪತ್ತಕ್ಕೆ ಸೊಂಟ. ಅವನು ಗುದ್ದಲಿಯನ್ನು ತಲೆಯ ಮೇಲೆತ್ತಿ ಸಿಟ್ಟಿನಿಂದ ಹೊಡೆಯುತ್ತಿದ್ದ. ಅದನ್ನು ನೋಡಿ ನೋಡಿ ಗೈಬುಸಾಬ ಕೂತಲ್ಲಿಂದಲೇ ಹೇಳಿದ:

"ಹೊಡೀಬ್ಯಾಡ್ರಿ ಸಾಹೇಬ್ರ. ಅದೇನ್ ನಿಮ್ಮ ವೈರಿ ಅಲ್ಲ. ಎತ್ರಿ, ಬಿಡ್ರಿ. ಭಾರ ಅದರದು, ನಿಮ್ಮದಲ್ಲ."

ಎತ್ತಿದ, ಬಿಟ್ಟ. ಗುದ್ದಲಿ ತನ್ನ ಭಾರಕ್ಕೆ ತಾನೇ ಮಣ್ಣಿಗೆ ಇಳಿಯಿತು. ಒಂಬತ್ತರ ಹೊತ್ತಿಗೆ ಅಂಗೈಯಲ್ಲಿ ಗುಳ್ಳೆಗಳೆದ್ದವು, ಹತ್ತಕ್ಕೆ ಒಡೆದವು. ಶಂಕ್ರೆಪ್ಪ ತನ್ನ ರುಮಾಲು ಹರಿದು ಎರಡೂ ಕೈಗೆ ಕಟ್ಟಿದ. ಬಾವಿ ತೋಡುವಾಗ ಮೊದಲ ದಿನ ತಾನೂ ಅತ್ತಿದ್ದೆನೆಂದೂ, ಆದರೆ ಆಗ ತನಗೆ ಹನ್ನೆರಡು ವರ್ಷವಾಗಿತ್ತೆಂದೂ ಹೇಳಿ ಸಮಾಧಾನ ಮಾಡಿದ. ಬಿಸಿಲೇರಿದ ಹಾಗೆ ಜಮಾತಿನ ಮೂವರಲ್ಲಿ ಇಬ್ಬರು ನೆರಳಿಗೆ ಹೋದರು. ಒಬ್ಬನಿಗೆ ಬಿ.ಪಿ., ಇನ್ನೊಬ್ಬನಿಗೆ ಅದನ್ನು ನೋಡಿ ಬಿ.ಪಿ. ನಾಸೀರನಿಗೂ ಹೋಗಬೇಕೆನಿಸಿತು. ಹೋಗದಿದ್ದದ್ದು ಧೈರ್ಯದಿಂದಲ್ಲ, ಕುಣಿ ಸೊಂಟದಾಳ ಆಗಿತ್ತು, ಅವನ ಮೈಯಿಗೆ ಅದರಿಂದ ಹತ್ತಿ ಬರುವುದು ತೋಡುವುದಕ್ಕಿಂತ ಕಷ್ಟವಾಗಿತ್ತು.

ನಡುಹಗಲ ನಮಾಜನ್ನು ಅಲ್ಲೇ ಬೇವಿನ ಕೆಳಗೆ ಮಾಡಿದರು. ಅಷ್ಟು ಹೊತ್ತಿಗೆ ಊರಿನ ಹೆಂಗಸರು ಮಾಶಾಬಿಗೆ ಸ್ನಾನ ಮಾಡಿಸಿ ಕಫನದ ಬಿಳೀ ಬಟ್ಟೆ ತೊಡಿಸಿಯಾಗಿತ್ತು. ಆಗ ಬಂಡೆ ಸಿಕ್ಕಿತು. ಒಳಗಿನ ಕುಣಿಯ ಅರ್ಧಕ್ಕೆ ಅಡ್ಡಲಾಗಿ ಹಾಸಿದ ಗಟ್ಟಿ ಗರಸು. ಹಾರೆ ಹಾಕಿದರೆ ಕಿಡಿ. ಶಂಕ್ರೆಪ್ಪ ಅರವತ್ತೈದರ ಮೈಯಲ್ಲಿ ಇದ್ದಷ್ಟೂ ಕಸುವು ಹಾಕಿ ಒಂದು ತಾಸಿಗೆ ಒಂದು ಗೇಣು ಇಳಿಸಿ, ಬಗ್ಗಿ ಕುಳಿತುಬಿಟ್ಟ. ನಾಲ್ಕಕ್ಕೆ ಖಬರಸ್ತಾನದ ಗೇಟಿನಲ್ಲಿ ಜೆಸಿಬಿ ಬಂದು ನಿಂತಿತು. ಸೈಫುದ್ದೀನ ಒಳಗೆ ಬಂದು, ಯಾರ ಮನಸ್ಸೂ ನೋಯಬಾರದೆಂಬ ದನಿಯಲ್ಲಿ, ಗಾಡಿ ಬಂದೈತಿ ಎಂದಷ್ಟೇ ಹೇಳಿ ಹೋದ. ಗೋಡೆಯಾಚೆ ಆ ಹಳದಿ ತೋಳು ಮಡಚಿಕೊಂಡು ಕೂತಿರುವುದು ಕುಣಿಯೊಳಗಿನಿಂದ ನಾಸೀರನಿಗೆ ಕಂಡಿತು.

ಅದು ಕಂಡದ್ದೇ ತಪ್ಪಾಯಿತು. ಎತ್ತಿ ಬಿಡುವುದನ್ನು ಮರೆತು ಮತ್ತೆ ಹೊಡೆಯತೊಡಗಿದ. ಬೆಳಗಿನಿಂದ ಆದ ಸುಧಾರಣೆಯೆಲ್ಲ ಒಂದು ಕ್ಷಣಕ್ಕೆ ಹೋಯಿತು. ಗರಸು ಒಡೆಯಿತು, ದೊಡ್ಡ ತುಂಡುಗಳೇ ಬಂದವು, ಆ ಹುರುಪಿನಲ್ಲಿ ಒಂದು ಏಟು ಓರೆಯಾಗಿ ಪಶ್ಚಿಮದ ಗೋಡೆಗೆ, ಮುಬೀನಳ ಬದಿಗೆ ಬಿತ್ತು. ಮಣ್ಣು ಒಂದು ಬುಟ್ಟಿಯಷ್ಟು ಜಾರಿತು. ಮೊದಲು ಕಪ್ಪು ಮಣ್ಣು, ಅದರ ಹಿಂದೆ ಸಡಿಲವಾದ ಬೂದು ಮಣ್ಣು, ಅದರಲ್ಲಿ ಅಂಗೈಯಗಲದ ಒಂದು ಕತ್ತಲು.

ನಾಸೀರ ಗುದ್ದಲಿ ಕೆಳಗಿಟ್ಟ. ಜೆಸಿಬಿ ಮಾಡಿದ್ದನ್ನೇ ತಾನೂ ಮಾಡಿದ್ದ. ತಲೆ ಎತ್ತಿ ನೋಡಲು ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಎರಡು ಒಣಗಿದ ಕಾಲುಗಳು ಕುಣಿಯ ಅಂಚಿಗೆ ಇಳಿಬಿದ್ದವು. ಶಂಕ್ರೆಪ್ಪ, "ಲೇ ಗೈಬ್ಯಾ, ಇಳೀಬ್ಯಾಡೋ, ಹೊಲಿಗಿ ಬಿಚ್ಚತೈತಿ," ಎಂದು ತೋಳು ಹಿಡಿದ. ಗೈಬುಸಾಬ ತೋಳು ಬಿಡಿಸಿಕೊಂಡು, ಒಂದು ಕೈಯಿಂದ ಹೊಟ್ಟೆಯನ್ನು ಒತ್ತಿ ಹಿಡಿದು ಇಳಿದ. ನೀರು ತರಿಸಿದ. ಮಣ್ಣು ಕಲಸಿದ. ಕತ್ತಲಿನ ಮುಂದೆ ಮೊಣಕಾಲೂರಿ, ಒಳಗೆ ನೋಡದೆ, ಮಣ್ಣಿನ ಉಂಡೆಗಳನ್ನು ಒಂದೊಂದಾಗಿ ಇಟ್ಟು ಗೋಡೆ ಕಟ್ಟಿದ. ರೊಟ್ಟಿ ಬಡಿಯುವ ಹಾಗೆ ಅಂಗೈಯಿಂದ ಮೆಲ್ಲಗೆ ಬಡಿದು ನುಣ್ಣಗೆ ಮಾಡಿದ. ಆಮೇಲೆ ಗುದ್ದಲಿ ಎತ್ತಿಕೊಂಡ. ನಾಸೀರ ಬೇಡವೆನ್ನಲು ಬಾಯಿ ತೆರೆದದ್ದು ಅವನಿಗೆ ಕಾಣಲಿಲ್ಲ, ಅಥವಾ ಕಂಡಿತು.

ಅವನ ಕೈಯಲ್ಲಿ ಅದೇ ಗುದ್ದಲಿ ಸದ್ದೇ ಮಾಡುತ್ತಿರಲಿಲ್ಲ. ಉಳಿದ ಗೇಣನ್ನು ಇಬ್ಬರೂ ಇಳಿಸಿದರು. ಅವನು ಸಡಿಲಿಸಿದ, ನಾಸೀರ ಕೈಯಿಂದ ಬಾಚಿ ಬುಟ್ಟಿಗೆ ತುಂಬಿದ. ನಡುವೆ ಮೂರು ಸಲ ಗೈಬುಸಾಬ ಗೋಡೆಗೆ ಹಣೆ ಹಚ್ಚಿ ನಿಂತ. ಮೂರನೆಯ ಸಲ ಅವನ ಬನಿಯನ್ನಿನ ಕೆಳಗೆ, ಹೊಟ್ಟೆಯ ಒಂದು ಬದಿಗೆ, ಮುಷ್ಟಿಯಷ್ಟು ಗಂಟು ಎದ್ದದ್ದು ನಾಸೀರನಿಗೆ ಕಂಡಿತು. ಮುದುಕ ಅದನ್ನು ಒಳಗೆ ಒತ್ತಿ, ಧೋತರ ಬಿಗಿಮಾಡಿಕೊಂಡ.

ಕೋಲು ಇಟ್ಟು ನೋಡಿದರು. ಉದ್ದ ಸರಿಬಂತು. ಆದರೆ ಗೈಬುಸಾಬ ಹತ್ತಲಿಲ್ಲ. ಅವನದೊಂದು ಪದ್ಧತಿ ಇತ್ತು. ಇಷ್ಟು ವರ್ಷ ತೋಡಿದ ಪ್ರತಿ ಕುಣಿಯಲ್ಲೂ ಕೊನೆಗೆ ತಾನು ಒಮ್ಮೆ ಮಲಗಿ, ಬೆನ್ನಿಗೆ ಕಲ್ಲು ಒತ್ತುವುದೇ ನೋಡಿ, ಒತ್ತಿದ್ದನ್ನು ತೆಗೆದು, ಆಮೇಲೆ ಮೇಲೆ ಬರುತ್ತಿದ್ದ. ಇಂದು ಮಲಗಿದರೆ ಏಳುವ ಹಾಗಿರಲಿಲ್ಲ. ನಾಸೀರನನ್ನು ನೋಡಿದ. "ನಿಮಗ ರೂಢಿ ಐತೆಲ್ರಿ," ಎಂದ.

ಅಬ್ದುಲಸಮದ ಬೇರೆ ಕಡೆ ಮುಖ ಮಾಡಿದ. ನಾಸೀರ ಉತ್ತರಕ್ಕೆ ತಲೆ ಮಾಡಿ ಮಲಗಲು ಹೋದ. ಭುಜಗಳು ಎರಡೂ ಗೋಡೆಗೆ ಸಿಕ್ಕಿಕೊಂಡವು. ಒಂದು ಭುಜ ಮೇಲೆ ಮಾಡಿ, ಹೊಟ್ಟೆ ಒಳಗೆ ಎಳೆದುಕೊಂಡು, ಹೇಗೋ ತೂರಿಕೊಂಡ.

"ನಿಮಗ ಒಂದು ಗೇಣು ಅಗಲ ಹೆಚ್ಚ ಬೇಕಾಕ್ಕೈತಿ," ಎಂದ ಗೈಬುಸಾಬ, ಮೇಲಿನಿಂದ ನೋಡುತ್ತ. ಶಂಕ್ರೆಪ್ಪ ನಕ್ಕ. ನಾಸೀರನೂ ನಗಬೇಕೆಂದಿದ್ದ.

ಮುಖ ಪಶ್ಚಿಮಕ್ಕೆ ತಿರುಗಿತ್ತು. ಕಣ್ಣ ಮುಂದೆ ಒಂದು ಗೇಣಿನಲ್ಲಿ ಈಗಷ್ಟೇ ಹಚ್ಚಿದ ಹಸಿ ಮಣ್ಣು, ಅದರಲ್ಲಿ ಐದು ಬೆರಳಿನ ಗುರುತು. ಆಚೆಗೆ ಮುಬೀನ. ಬಿಸಿಲಿನ ಸದ್ದು, ಜೆಸಿಬಿಯ ಸದ್ದು ಎಲ್ಲ ದೂರವಾಯಿತು. ಇಲ್ಲಿ ತಂಪಿತ್ತು. ಕೆಳಗೆ, ಬಲಗಡೆಯ ಪಕ್ಕೆಲುಬಿನ ಹತ್ತಿರ, ಏನೋ ಚುಚ್ಚುತ್ತಿತ್ತು. ಒಂದು ಕಲ್ಲು. ಕಡಲೆಕಾಳಿಗಿಂತ ತುಸು ದೊಡ್ಡದು. ಅಬ್ಬಾನ ಕೆಳಗೆ ಇಂಥವು ಎಷ್ಟು ಇದ್ದವೋ ಎಂದು ಅವನಿಗೆ ಹೊಳೆಯಿತು. ಯಂತ್ರದ ಎರಡು ಏಟಿನ ಕುಣಿಯಲ್ಲಿ ಯಾರು ಮಲಗಿ ನೋಡಿರುತ್ತಾರೆ. ಮಗ ರಸ್ತೆಯ ಆಚೆಗಿದ್ದ.

ಅವನು ಬಹಳ ಹೊತ್ತು ಏಳದ್ದನ್ನು ಕಂಡು ಶಂಕ್ರೆಪ್ಪ, ಸಿಕ್ಕಿಕೊಂಡಿರೇನ್ರಿ ಎಂದು ಕೇಳಿದ.

"ಇಲ್ಲಿ ಒಂದು ಕಲ್ಲ ಐತ್ರಿ," ಎಂದ ನಾಸೀರ. "ಬೆನ್ನಿಗಿ ಒತ್ತಾಕತ್ತೈತಿ."

"ತಗೀರಿ ಮತ್ತ," ಎಂದ ಗೈಬುಸಾಬ.

ತೆಗೆದ. ಮತ್ತೆ ಮಲಗಿ ನೋಡಿದ. ಇನ್ನೊಂದು. ಅದನ್ನೂ ತೆಗೆದ. ಒಟ್ಟು ಐದು ಕಲ್ಲು ಅಂಗಿಯ ಕಿಸೆಗೆ ಹಾಕಿಕೊಂಡು, ಆರನೆಯದು ಸಿಗದೆ ಇದ್ದಾಗ, ಎರಡೂ ಕೈ ಮೇಲೆತ್ತಿದ. ನಾಲ್ವರು ಸೇರಿ ಎಳೆದರು.

ಅಸರ್ ನಮಾಜಿನ ಕೂಗು ಬೀಳುವಾಗ ಜನಾಜಾ ಗೇಟಿನಿಂದ ಒಳಗೆ ಬಂತು. ಜೆಸಿಬಿ ಡ್ರೈವರ್ ಇಂಜಿನ್ ಬಂದ್ ಮಾಡಿ ಇಳಿದು ನಿಂತ. ಕಟಕಟೆಯ ಬೆಣೆ ಗಟ್ಟಿಯಾಗಿತ್ತು. ಮಾಶಾಬಿಯನ್ನು ಇಳಿಸಿದರು, ಮುಖ ಮಗಳ ಕಡೆ ಹೊರಳಿಸಿದರು, ಚಪ್ಪಡಿ ಮುಚ್ಚಿದರು. ನಾಸೀರ ಮೂರು ಹಿಡಿ ಮಣ್ಣು ಹಾಕಿದ. ಆಮೇಲೆ ಇನ್ನೂ ಮೂರು ಹಿಡಿ ಹಾಕಿದ. ಅದು ಯಾರದೆಂದು ಯಾರೂ ಕೇಳಲಿಲ್ಲ. ಮಣ್ಣಿನ ಉಪ್ಪು ಒಡೆದ ಗುಳ್ಳೆಗಳಿಗೆ ತಾಗಿ ಬೆಂಕಿಯ ಹಾಗೆ ಉರಿಯಿತು.

ಆ ಸಂಜೆ ನೋಟುಪುಸ್ತಕದ ಎರಡನೆಯ ಪುಟ ಬರೆಯಲು ಕುಳಿತರೆ ಬೆರಳು ಮಡಚಲಿಲ್ಲ, ಪೆನ್ನು ನಿಲ್ಲಲಿಲ್ಲ. ಶಮಾ ಫೋನಿನಲ್ಲಿ ಹೇಗಿದ್ದೀರೆಂದು ಕೇಳಿದಾಗ, ಹೊಟ್ಟೆ ಕರಗಿಲ್ಲವೆಂದ. ಆಮೇಲೆ, ಅಬ್ಬಾನ ಖಬರಿಗೆ ಇಬ್ಬರೂ ಸೋಮವಾರ ಹೋಗಿ ಬರೋಣ ಎಂದ. ನಾಲ್ಕು ವರ್ಷದಲ್ಲಿ ಅವನು ಆ ಕಡೆ ಕಾಲಿಟ್ಟಿರಲಿಲ್ಲ.

ಭಾನುವಾರ ಮಧ್ಯಾಹ್ನ ಅಬ್ದುಲಸಮದ ಎಂಟು ತಲೆ ಎಣಿಸಿ ಟಂಟಂಗೆ ಹತ್ತಿಸುವಾಗ ಏಳೇ ಬಂದವು. ನಾಸೀರ ಗೈಬುಸಾಬನ ಮನೆಯಲ್ಲಿದ್ದ.

ಮುದುಕ ಹೆಂಡತಿಯ ಚಾಪೆಯ ಮೇಲೆ ಮೊಣಕಾಲು ಎದೆಗೆ ಎಳೆದುಕೊಂಡು ಮಲಗಿದ್ದ. ಹೊಲಿಗೆ ಬಿಚ್ಚಿತ್ತು. ರಾತ್ರಿಯಿಂದ ವಾಂತಿ. ಬಾಯಿ ಒಣಗಿ ತುಟಿಗಳು ಬೆಳ್ಳಗಾಗಿದ್ದವು. ಶಂಕ್ರೆಪ್ಪ ವಿಜಯಪುರದ ಆಸ್ಪತ್ರೆಗೆ ಒಯ್ಯಲು ಗಾಡಿ ಮಾಡಿಕೊಂಡು ಬಂದು ಹೊರಗೆ ನಿಂತಿದ್ದ. ಮೂರನೆಯ ದಿನ ಖಬರಿಗೆ ಹೋಗುವ ಜಿಯಾರತ್ ಮುಗಿಯದೆ ಊರು ಬಿಡುವುದಿಲ್ಲವೆಂದು ಗೈಬುಸಾಬ ಹಟ ಹಿಡಿದಿದ್ದ. ಈ ಸಲ ಕೊಯ್ದರೆ ಉಳಿಯುವುದು ಹೇಳಲಾಗದೆಂದು ಟಿಕೋಟಾದ ಡಾಕ್ಟರು ಬೆಳಿಗ್ಗೆ ನೋಡಿ ಹೇಳಿಹೋಗಿದ್ದರು. ಜಾಲಿಯ ಕೋಲು ಮೂಲೆಯಲ್ಲಿತ್ತು. ಅದನ್ನು ಇನ್ನೇನು ಮಾಡುವುದೆಂದು ಮನೆಗೆ ತಿಳಿದಿರಲಿಲ್ಲ.

ನಾಸೀರ ನೆಲಕ್ಕೆ ಕುಳಿತ. ಏಳಲು ಇಬ್ಬರು ಬೇಕಾದೀತೆಂಬುದು ನೆನಪಾಗಲಿಲ್ಲ. ನಿಮ್ಮನ್ನು ಇಳಿಯಲು ಬಿಟ್ಟದ್ದು ನನ್ನ ತಪ್ಪು, ನಾನು ಗೋಡೆಗೆ ಹೊಡೆಯದಿದ್ದರೆ ನೀವು ಇಳಿಯುತ್ತಿರಲಿಲ್ಲ ಎಂದು ಹೇಳಬೇಕೆಂದು ಬಂದಿದ್ದ. ಹೇಳಿದ. ಗೈಬುಸಾಬ ಅದನ್ನು ಕೇಳಿಸಿಕೊಂಡು, ನೊಣವನ್ನು ಓಡಿಸಿದ ಹಾಗೆ ಕೈಯಾಡಿಸಿದ. ಅವಳು ತನಗೆ ಹೇಳಿದ್ದು ತನ್ನ ಕೈಯಿಂದ ತೋಡಬೇಕೆಂದು. ಗೋಡೆ ಬೀಳದಿದ್ದರೆ ಮಾತು ಸುಳ್ಳಾಗುತ್ತಿತ್ತು ಎಂದ. ಅಷ್ಟು ಹೇಳಲು ಅವನು ಎರಡು ಸಲ ನಿಲ್ಲಬೇಕಾಯಿತು.

ಹೊರಗೆ ಟಂಟಂ ಹಾರ್ನ್ ಬಾರಿಸಿತು. ನಾಸೀರ ಆ ಮನೆಯ ನಾಲ್ಕು ಗೋಡೆ ನೋಡಿದ, ಮೂಲೆಯ ಕೋಲು ನೋಡಿದ, ಖಬರಸ್ತಾನದಲ್ಲಿ ಮಾಶಾಬಿಯ ಪೂರ್ವಕ್ಕೆ ಬೇವಿನ ಬುಡದವರೆಗೆ ಎಷ್ಟು ಜಾಗ ಉಳಿದಿದೆಯೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಬ್ಬ ಮನುಷ್ಯನಿಗೆ, ತೆಳ್ಳಗಿದ್ದರೆ, ಸಾಕು. ಕೇಳಬಾರದ ಮಾತು. ಅದು ಬಾಯಿಂದ ಬಂದ ಮೇಲೆ ಅವನಿಗೆ ತಿಳಿಯಿತು.

"ಚಾಚಾ, ನಿಮ್ಮದು ಯಾರು ತೋಡ್ತಾರ್ರಿ?"

ಗೈಬುಸಾಬ ಅವನ ಬಲಗೈ ಹಿಡಿದು, ಮೊದಲ ದಿನದ ಹಾಗೆಯೇ ಬೆಳಕಿಗೆ ತಿರುಗಿಸಿ, ಒಡೆದ ಗುಳ್ಳೆಗಳನ್ನು ಒಂದೊಂದಾಗಿ ನೋಡಿದ.

"ಮೊದಲ ಇವು ಮಾಯಲಿ," ಎಂದ. "ಹೇಳಿ ಕಳಸ್ತೇನಿ."